ಅಡಾಪ್ಟರ್ ಕೊಳ್ಳುವ ಮುಂಚೆ: ಸಿಗ್ನಲ್ ಎಲ್ಲಿಂದ ಎಲ್ಲಿಗೆ?

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಇತ್ತು, ಮಾನಿಟರ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಇತ್ತು. ಒಂದು ತುದಿ ಅದು, ಇನ್ನೊಂದು ತುದಿ ಇದು ಇರುವ ಕೇಬಲ್ ತಂದು ಹಾಕಿದೆ. ಎರಡೂ ಕಡೆ ಸರಿಯಾಗಿ ಕೂತಿತು, ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’. ಕೇಬಲ್ ಕೆಟ್ಟಿರಬೇಕೆಂದು ಇನ್ನೊಂದು ತಂದರೆ ಅದೂ ಹಾಗೇ. ಆಮೇಲೆ ತಿಳಿಯಿತು, ಕೇಬಲ್ ಚೆನ್ನಾಗಿಯೇ ಇದೆ, ದಿಕ್ಕು ತಪ್ಪಿದೆ. ಇದೊಂದು ಅರ್ಥವಾದರೆ ಉಳಿದದ್ದು ಕಷ್ಟವಿಲ್ಲ, ಅದಕ್ಕೇ ಇಲ್ಲಿಂದ ಶುರು ಮಾಡುತ್ತಿದ್ದೇನೆ.

ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಎರಡೂ ಡಿಜಿಟಲ್, ಆದರೆ ಚಿತ್ರ ಕಳಿಸುವ ರೀತಿ ಬೇರೆ ಬೇರೆ. ಡಿಸ್‌ಪ್ಲೇಪೋರ್ಟ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಿಗೆ ಎಚ್‌ಡಿಎಂಐ ರೀತಿಯಲ್ಲೂ ಸಿಗ್ನಲ್ ಕಳಿಸಲು ಬರುತ್ತದೆ. ಇದಕ್ಕೆ ಡ್ಯುಯಲ್ ಮೋಡ್ ಎನ್ನುತ್ತಾರೆ. ಪೋರ್ಟ್‌ನ ಲಾಂಛನದ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಅದೇ. ಅಲ್ಲಿ ಅಡಾಪ್ಟರ್‌ನ ಕೆಲಸ ವೋಲ್ಟೇಜ್ ಹೊಂದಿಸುವುದಷ್ಟೇ, ಹಾಗಾಗಿ ಅಗ್ಗದ ‘ಪ್ಯಾಸಿವ್’ ಅಡಾಪ್ಟರ್ ಸಾಕು. ಎಚ್‌ಡಿಎಂಐ ಪೋರ್ಟ್‌ಗೆ ಡಿಸ್‌ಪ್ಲೇಪೋರ್ಟ್‌ನ ಭಾಷೆ ಬರುವುದಿಲ್ಲ. ಆ ದಿಕ್ಕಿಗೆ ಒಳಗೆ ಚಿಪ್ ಇರುವ ‘ಆ್ಯಕ್ಟಿವ್’ ಅಡಾಪ್ಟರ್ ಬೇಕು. ಸಾಮಾನ್ಯವಾಗಿ ಅದಕ್ಕೆ ವಿದ್ಯುತ್ತಿಗಾಗಿ ಒಂದು ಯುಎಸ್‌ಬಿ ಬಾಲವೂ ಇರುತ್ತದೆ. ಪೊಟ್ಟಣದ ಮೇಲೆ ‘ಇದರಿಂದ ಅದಕ್ಕೆ’ ಎಂದು ಬರೆದಿರುವುದನ್ನು ಲ್ಯಾಪ್‌ಟಾಪ್ ಕಡೆಯಿಂದ ಮಾನಿಟರ್ ಕಡೆಗೆ ಓದಿಕೊಳ್ಳಿ.

ಹಳೆಯ ಮಾನಿಟರ್ ಇದ್ದರೆ ಅದರ ಬೆನ್ನಲ್ಲಿ ನೀಲಿ ಬಣ್ಣದ 15 ಪಿನ್‌ನ ವಿಜಿಎ ಕಾಣುತ್ತದೆ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದದ್ದು ಇದು. ಕೆಂಪು, ಹಸಿರು, ನೀಲಿ ಒಂದೊಂದೂ ಏರಿಳಿಯುವ ವೋಲ್ಟೇಜ್ ಆಗಿ ಹೋಗುವ ಅನಲಾಗ್ ಪದ್ಧತಿ. ಎಚ್‌ಡಿಎಂಐನಿಂದ ಇಲ್ಲಿಗೆ ಬರಲು ಡಿಜಿಟಲ್ಲನ್ನು ಅನಲಾಗ್ ಮಾಡುವ ಚಿಪ್ ಬೇಕು. ಅದು ಎಚ್‌ಡಿಎಂಐನ 5 ವೋಲ್ಟ್ ಪಿನ್ನಿಂದಲೇ ಬದುಕುತ್ತದೆ, ಆದರೆ ಆ ಪಿನ್ 55 ಮಿಲಿಆಂಪಿಯರ್‌ಗಿಂತ ಹೆಚ್ಚು ಕೊಡುತ್ತದೆಂಬ ಖಾತರಿಯಿಲ್ಲ. ಚಿತ್ರ ಮಿನುಗಿ ಆರಿಹೋಗುತ್ತಿದ್ದರೆ, ಅಡಾಪ್ಟರ್‌ನ ಪಕ್ಕದಲ್ಲಿ ಪುಟ್ಟ ಯುಎಸ್‌ಬಿ ಕಿಂಡಿ ಇದೆಯೇ ನೋಡಿ ವಿದ್ಯುತ್ ಕೊಡಿ. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ. ನಕಲು ತಡೆಯುವ ರಕ್ಷಣೆಯಿರುವ ಸಿನಿಮಾ ಹಾಕಿದರೆ ಪರದೆ ಕಪ್ಪಾಗಬಹುದು. ಅದು ಅಡಾಪ್ಟರ್‌ನ ದೋಷವಲ್ಲ.

ಹೆಚ್ಚು ಗೊಂದಲವಿರುವುದು ಯುಎಸ್‌ಬಿ-ಸಿಯಲ್ಲಿ. ಕಿಂಡಿಯ ಆಕಾರ ನೋಡಿ ಚಿತ್ರ ಬರುತ್ತದೋ ಇಲ್ಲವೋ ಹೇಳಲಾಗದು. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ (ಯುಎಸ್‌ಬಿ-ಸಿ ಕಿಂಡಿಯಿಂದಲೇ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಕಳಿಸುವ ಸೌಲಭ್ಯ) ಅಥವಾ ಅದನ್ನು ಒಳಗೊಂಡ ಥಂಡರ್‌ಬೋಲ್ಟ್ ಇದ್ದರೆ ಮಾತ್ರ ಸಾಮಾನ್ಯ ಅಡಾಪ್ಟರ್ ನಡೆಯುತ್ತದೆ. ನಿಮ್ಮ ಮಾದರಿಯ ವಿವರಪಟ್ಟಿಯಲ್ಲಿ ಇದನ್ನು ಹುಡುಕಿ, ಆಮೇಲೆ ದುಡ್ಡು ಕೊಡಿ.

ಒಂದು ಯುಎಸ್‌ಬಿ-ಸಿ ಕಿಂಡಿಯನ್ನು ಹಲವು ಕಿಂಡಿಗಳಾಗಿಸುವ ಹಬ್ ಕೊಂಡವರು ಕೇಳುವ ಪ್ರಶ್ನೆ: 4ಕೆ ಮಾನಿಟರ್‌ನಲ್ಲಿ ಮೌಸ್ ಬಾಣ ಯಾಕೆ ತಡವರಿಸುತ್ತದೆ? ಲೆಕ್ಕ ಹಾಕಿ ನೋಡೋಣ. ಯುಎಸ್‌ಬಿ-ಸಿಯಲ್ಲಿ ವೇಗದ ಹಾದಿಗಳು ನಾಲ್ಕು. ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಒಂದು ಹಾದಿ ಸೆಕೆಂಡಿಗೆ 5.4 ಗಿಗಾಬಿಟ್ ಒಯ್ಯುತ್ತದೆ, ಅದರಲ್ಲಿ ಚಿತ್ರಕ್ಕೆ ದಕ್ಕುವುದು 4.32. ಹಬ್ ಯುಎಸ್‌ಬಿ 3 ಸಾಧನಗಳಿಗೆಂದು ಎರಡು ಹಾದಿ ಇಟ್ಟುಕೊಂಡರೆ ಚಿತ್ರಕ್ಕೆ ಉಳಿಯುವುದು 8.64. ಸೆಕೆಂಡಿಗೆ 60 ಸಲ 4ಕೆ ಚಿತ್ರ ಬದಲಿಸಲು ಸುಮಾರು 12.8 ಗಿಗಾಬಿಟ್ ಬೇಕು, 30 ಸಲಕ್ಕೆ ಅದರ ಅರ್ಧ. ಹೀಗಾಗಿ ಸೆಕೆಂಡಿಗೆ 30 ಸಲಕ್ಕೆ, ಅಂದರೆ 30 ಹರ್ಟ್ಸ್‌ಗೆ ಇಳಿಯುತ್ತದೆ, ಬಾಣ ತಡವರಿಸುವುದು ಅದಕ್ಕೇ. ಡಿಸ್‌ಪ್ಲೇಪೋರ್ಟ್ 1.4ರಲ್ಲಿ ಒಂದು ಹಾದಿಯ ವೇಗ 8.1 ಆದ್ದರಿಂದ, ಲ್ಯಾಪ್‌ಟಾಪ್ ಮತ್ತು ಹಬ್ ಎರಡಕ್ಕೂ ಅದು ಬಂದರೆ ಎರಡೇ ಹಾದಿಯಲ್ಲಿ 60 ಸಾಧ್ಯ. ಹಬ್‌ನ ಎಚ್‌ಡಿಎಂಐ 1.4 ಆಗಿದ್ದರೆ ಇದಾವುದೂ ನೆರವಾಗದು, ಅದರ ಮಿತಿಯೇ 30. 2.0 ಬೇಕು. ಇದನ್ನು ಮುಚ್ಚಿ ಬರಿ ‘4ಕೆ’ ಎಂದು ದೊಡ್ಡದಾಗಿ ಅಚ್ಚು ಹಾಕುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಆಲ್ಟ್ ಮೋಡ್ ಇಲ್ಲದ ಲ್ಯಾಪ್‌ಟಾಪ್‌ಗೆ ಡಿಸ್‌ಪ್ಲೇಲಿಂಕ್ ಚಿಪ್‌ನ ಅಡಾಪ್ಟರ್ ಇದೆ. ಚಿತ್ರವನ್ನು ಕುಗ್ಗಿಸಿ ಮಾಮೂಲಿ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಡ್ರೈವರ್ ಬೇಕು, ಆಟಕ್ಕೆ ಹೊಂದುವುದಿಲ್ಲ, ಬರವಣಿಗೆಗೆ ಧಾರಾಳ ಸಾಕು.

ಎಲ್ಲ ಸರಿಯಿದ್ದೂ ರೆಸಲ್ಯೂಶನ್ (ಚಿತ್ರದ ಚುಕ್ಕಿಗಳ ಲೆಕ್ಕ) 1024×768 ಮಾತ್ರ ಬರುತ್ತಿದ್ದರೆ, ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳುವ ಇಡಿಐಡಿ ಎಂಬ ಮಾಹಿತಿ ಲ್ಯಾಪ್‌ಟಾಪ್‌ಗೆ ತಲುಪಿಲ್ಲ. ವಿಜಿಎ ಕೇಬಲ್‌ನ ಪಿನ್ ಮುರಿದಿದೆಯೇ, ಬಾಗಿದೆಯೇ ನೋಡಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಆಮೇಲೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ 60 ಇದೆಯೇ ಎಂದು ಒಮ್ಮೆ ಕಣ್ಣಾರೆ ನೋಡಿ.