29 ಪಂದ್ಯ, 19 ಪಾಯಿಂಟ್: ಲೆಸ್ಟರ್ ಬಚಾವಾದದ್ದು ಎಲ್ಲಿ?

ಪಂದ್ಯ 29, ಗೆಲುವು 4, ಡ್ರಾ 7, ಸೋಲು 18. ಹೊಡೆದ ಗೋಲು 27, ಬಿಟ್ಟುಕೊಟ್ಟದ್ದು 48. ಪಾಯಿಂಟ್ 19. 2015ರ ಮಾರ್ಚ್ ಕೊನೆಯಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿದ್ದ ಲೆಸ್ಟರ್ ಸಿಟಿಯ ಲೆಕ್ಕ ಇದು. 20 ತಂಡಗಳ ಆ ಲೀಗಿನಲ್ಲಿ ಕೊನೆಯ ಮೂರಕ್ಕೆ ಹಿಂಬಡ್ತಿ, ಅಂದರೆ ಕೆಳಗಿನ ಲೀಗಿಗೆ ಇಳಿಕೆ. 17ನೇ ಸ್ಥಾನ ಹಿಡಿದರೆ ಸಾಕು, ತಲೆ ಉಳಿಯುತ್ತದೆ. ಅದು ಲೆಸ್ಟರ್‌ಗೆ 7 ಪಾಯಿಂಟ್ ದೂರ ಇತ್ತು, ಕೈಯಲ್ಲಿ ಇದ್ದದ್ದು 9 ಪಂದ್ಯ. ಆ ಒಂಬತ್ತರಲ್ಲಿ ಏಳು ಗೆದ್ದರು, ಒಂದು ಡ್ರಾ, ಒಂದೇ ಸೋಲು. 22 ಪಾಯಿಂಟ್ ಸೇರಿ ಒಟ್ಟು 41 ಆಯಿತು, ತಂಡ 14ನೇ ಸ್ಥಾನದಲ್ಲಿ ನಿಂತಿತು. ಆ ಸೀಸನ್‌ನಲ್ಲಿ 140 ದಿನ ತಳದಲ್ಲೇ ಬಿದ್ದಿದ್ದ ತಂಡ ಅದು.

ನಮ್ಮ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲ ಹತ್ತು ವರ್ಷ ಹಿಂಬಡ್ತಿಯೇ ಇರಲಿಲ್ಲವಾದ್ದರಿಂದ ಬೆಂಗಳೂರು ಎಫ್‌ಸಿ ನೋಡಿ ಬೆಳೆದವರಿಗೆ ಈ ಸಂಕಟದ ಪರಿಚಯ ಕಡಿಮೆ. ಎಚ್‌ಎಎಲ್ ತಂಡದ ಹಳೆಯ ಬೆಂಬಲಿಗರನ್ನು ಕೇಳಿ, ಹೇಳುತ್ತಾರೆ. ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದ 2011-12ರಲ್ಲಿ ಅದು ಕೆಳಗಿಳಿದಿತ್ತು.

ಲೆಸ್ಟರ್ ತಿರುಗಿದ್ದು ಎಲ್ಲಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಒಂದು, 2014ರ ಸೆಪ್ಟೆಂಬರ್ 21ರಂದು 1-3ರಿಂದ ಹಿಂದಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 5-3ರಿಂದ ಗೆದ್ದದ್ದು. ಇನ್ನೊಂದು, ಬರ್ನ್‌ಲಿ ತಂಡ ಪೆನಾಲ್ಟಿ ಕೈಚೆಲ್ಲಿದ ಆ ನಿಮಿಷ. ಮೊದಲನೆಯದನ್ನು ಈಗಲೇ ಪಕ್ಕಕ್ಕಿಡಬಹುದು. ಆ ಗೆಲುವಿನ ಹೊತ್ತಿಗೆ 5 ಪಂದ್ಯಗಳಿಂದ 8 ಪಾಯಿಂಟ್ ಆಗಿತ್ತು. ಮುಂದಿನ 13 ಪಂದ್ಯಗಳಲ್ಲಿ ಸಿಕ್ಕಿದ್ದು ಬರೀ 2. ಎದುರಾಳಿಯ ರಕ್ಷಣೆ ಕುಸಿದ ಒಂದು ಮಧ್ಯಾಹ್ನದಲ್ಲಿ ಐದು ಗೋಲು ಬಂದವೇ ಹೊರತು ಲೆಸ್ಟರ್ ತಂಡದೊಳಗೆ ಏನೂ ಬದಲಾಗಿರಲಿಲ್ಲ. ಪೆನಾಲ್ಟಿಯ ವಿಷಯಕ್ಕೆ ಆಮೇಲೆ ಬರೋಣ.

ತಳದಲ್ಲಿರುವ ತಂಡವನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದದ್ದು ಎಷ್ಟು ಸೋತಿದೆ ಎಂಬುದನ್ನಲ್ಲ, ಹೇಗೆ ಸೋತಿದೆ ಎಂಬುದನ್ನು. ಆ 18 ಸೋಲುಗಳನ್ನು ಒಂದೊಂದಾಗಿ ಬಿಡಿಸಿದರೆ 10 ಸೋಲು ಒಂದೇ ಗೋಲಿನ ಅಂತರದ್ದು. ಮಿಕ್ಕ 8 ಎರಡು ಗೋಲಿನವು. ಮೂರು ಗೋಲಿನ ಅಂತರದಿಂದ ಇಡೀ ಸೀಸನ್‌ನಲ್ಲಿ ಒಮ್ಮೆಯೂ ಸೋತಿಲ್ಲ. ಕೊನೆಯ ಸ್ಥಾನದಲ್ಲಿರುವ ತಂಡಕ್ಕೆ ಇದು ಅಪರೂಪ. ನಿಜವಾಗಿ ಮುಳುಗುತ್ತಿರುವ ತಂಡ ವಾರ ಬಿಟ್ಟು ವಾರ 0-4, 1-5 ಎಂದು ಹೊಡೆತ ತಿನ್ನುತ್ತದೆ. ಅಂಥ ಕಡೆ ಒಬ್ಬ ಆಟಗಾರ ಬಂದರೂ, ಕೋಚ್ ಬದಲಾದರೂ ಉಪಯೋಗ ಕಡಿಮೆ, ಏಕೆಂದರೆ ತುಂಬಬೇಕಾದ ಹಳ್ಳವೇ ಆಳ. ಲೆಸ್ಟರ್‌ನ ಹಳ್ಳ ಪಂದ್ಯಕ್ಕೆ ಒಂದು ಗೋಲಿನಷ್ಟು. ರಕ್ಷಣೆಯಲ್ಲಿ ಅರ್ಧ ಗೋಲು ಉಳಿಸಿ, ಮುಂದೆ ಅರ್ಧ ಗೋಲು ಹೆಚ್ಚು ಹೊಡೆದರೆ ಸಮಸಮ. ಹಾಗಾಗಿ ಈ ಲೀಗುಗಳಲ್ಲಿ ಪಾಯಿಂಟಿನ ಪಕ್ಕದ ಗೋಲು ವ್ಯತ್ಯಾಸದ ಅಂಕಣವನ್ನು ಮೊದಲು ಓದಬೇಕು. ಐಪಿಎಲ್ ಮೇ ತಿಂಗಳಿಗೆ ಬಂದಾಗ ಆರ್‌ಸಿಬಿ ಅಭಿಮಾನಿಗಳು ನೆಟ್ ರನ್‌ರೇಟ್‌ಗಾಗಿ ಕ್ಯಾಲ್ಕುಲೇಟರ್ ಹಿಡಿಯುತ್ತಾರಲ್ಲ, ಅದೇ ಬುದ್ಧಿ ಇಲ್ಲೂ ಬೇಕು. 2024ರಲ್ಲಿ ಮೊದಲ 8ರಲ್ಲಿ 7 ಸೋತು, ಆಮೇಲೆ ಸತತ 6 ಗೆದ್ದು ಪ್ಲೇಆಫ್ ಸೇರಿದ ತಂಡವನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ಎರಡನೆಯದು ವೇಳಾಪಟ್ಟಿ. ಆ ಸೀಸನ್ ಮುಗಿದಾಗ ಮೊದಲ ಆರು ಸ್ಥಾನ ಹಿಡಿದವರು ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ, ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್, ಟಾಟನ್‌ಹ್ಯಾಮ್, ಲಿವರ್‌ಪೂಲ್. ಈ ಆರರ ಜೊತೆ ಆಡಬೇಕಾದ 12 ಪಂದ್ಯಗಳಲ್ಲಿ 11ನ್ನು ಲೆಸ್ಟರ್ ಮಾರ್ಚ್ ಒಳಗೇ ಮುಗಿಸಿತ್ತು. ಅವುಗಳಿಂದ ಬಂದದ್ದು 5 ಪಾಯಿಂಟ್. ಬಾಕಿ ಉಳಿದದ್ದು ಚೆಲ್ಸಿ ವಿರುದ್ಧದ ಒಂದೇ ಪಂದ್ಯ, ಅದೂ ತವರಿನಲ್ಲಿ. ಕೊನೆಯ ಒಂಬತ್ತರಲ್ಲಿ ಆರು ಪಂದ್ಯ ತವರಿನ ಕಿಂಗ್ ಪವರ್ ಕ್ರೀಡಾಂಗಣದಲ್ಲಿದ್ದವು. ಅದಕ್ಕೆ ಮುಂಚಿನ 29ರಲ್ಲಿ ತವರಿನವು ಬರೀ 13.

ಆದರೆ ಇದನ್ನೇ ದೊಡ್ಡದು ಮಾಡಿ ಹೇಳುವುದು ತಪ್ಪು. ದೊಡ್ಡ ತಂಡಗಳನ್ನು ಬಿಟ್ಟು ಉಳಿದವರ ಜೊತೆ ಆಡಿದ 18 ಪಂದ್ಯಗಳಲ್ಲೂ ಲೆಸ್ಟರ್ ಗಳಿಸಿದ್ದು 14 ಪಾಯಿಂಟ್ ಮಾತ್ರ. ಅದೇ ವೇಗದಲ್ಲಿ ಸಾಗಿದ್ದರೆ 9 ಪಂದ್ಯಕ್ಕೆ 7 ಪಾಯಿಂಟ್ ಬರುತ್ತಿತ್ತು. ಒಟ್ಟು 26, ಹಿಂಬಡ್ತಿ ಖಾತ್ರಿ. ವೇಳಾಪಟ್ಟಿ ಬಾಗಿಲು ತೆರೆದಿತ್ತು ಅಷ್ಟೇ, ಒಳಗೆ ನಡೆದು ಹೋಗುವ ಕಾಲು ತಂಡಕ್ಕೆ ಬೇಕಿತ್ತು.

ಆ ಕಾಲು ಬಂದದ್ದು ರಕ್ಷಣೆಯ ಸಾಲಿನಿಂದ. ಜನವರಿ ವರ್ಗಾವಣೆ ಅವಧಿಯಲ್ಲಿ ಕ್ಲಬ್ ಮಾಡಿದ ದೊಡ್ಡ ಸುದ್ದಿ ಕ್ರೊವೇಷಿಯಾದ ಸ್ಟ್ರೈಕರ್ ಆಂಡ್ರೆ ಕ್ರಮಾರಿಚ್. ಸುಮಾರು 90 ಲಕ್ಷ ಪೌಂಡ್, ಆಗ ಅದು ಕ್ಲಬ್ಬಿನ ದಾಖಲೆ ಮೊತ್ತ. ಆ ಸೀಸನ್‌ನಲ್ಲಿ ಅವರು ಹೊಡೆದದ್ದು 2 ಲೀಗ್ ಗೋಲು. ಅದೇ ಅವಧಿಯ ಕೊನೆಯಲ್ಲಿ ಸ್ಟೋಕ್ ಸಿಟಿಯಿಂದ ಎರವಲು ತಂದ ಜರ್ಮನ್ ಡಿಫೆಂಡರ್ ರಾಬರ್ಟ್ ಹುಥ್ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಹಿಂಬಡ್ತಿಯ ಅಂಚಿನಲ್ಲಿರುವ ಕ್ಲಬ್ಬುಗಳು ಜನವರಿಯಲ್ಲಿ ಮಾಡುವ ಮಾಮೂಲಿ ತಪ್ಪು ಇಲ್ಲೇ ಇದೆ. ಗೋಲು ಬರುತ್ತಿಲ್ಲ ಎಂದು ಹೊಸ ಲೀಗಿಗೆ ಒಗ್ಗಲು ಆರು ತಿಂಗಳು ಬೇಕಾಗುವ ಸ್ಟ್ರೈಕರ್‌ನನ್ನು ಕೊಳ್ಳುತ್ತಾರೆ. ಆರು ತಿಂಗಳು ಅವರ ಹತ್ತಿರ ಇರುವುದೇ ಇಲ್ಲ. ಈ ಲೀಗಿನಲ್ಲಿ ವರ್ಷಗಟ್ಟಲೆ ಆಡಿದ, ಚೆಂಡನ್ನು ತಲೆಯಿಂದ ಹೊರಗಟ್ಟಬಲ್ಲ, ಅಕ್ಕಪಕ್ಕದವರನ್ನು ಕೂಗಿ ಜಾಗಕ್ಕೆ ನಿಲ್ಲಿಸಬಲ್ಲ ಮನುಷ್ಯ ಮೊದಲ ಶನಿವಾರವೇ ಕೆಲಸಕ್ಕೆ ಬರುತ್ತಾನೆ. ಎರವಲಾದರೆ ಕ್ಲಬ್ ಕೆಳಗಿಳಿದರೂ ಅವನ ಸಂಬಳದ ಹೊರೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ.

ಹುಥ್ ಬಂದದ್ದರಿಂದ ಕೋಚ್ ನೈಜೆಲ್ ಪಿಯರ್ಸನ್ ಅವರಿಗೆ ಹಿಂದಿನ ಸಾಲಿನಲ್ಲಿ ನಾಲ್ವರ ಬದಲು ಮೂವರನ್ನು, ಮೂವರೂ ಸ್ಟಾಪರ್‌ಗಳನ್ನೇ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳು), ನಿಲ್ಲಿಸುವ ದಾರಿ ಸಿಕ್ಕಿತು. ನಾಯಕ ವೆಸ್ ಮಾರ್ಗನ್, ಹುಥ್, ಪೋಲೆಂಡಿನ ಮಾರ್ಚಿನ್ ವಸಿಲೆವ್‌ಸ್ಕಿ. ಮೂವರೂ ಗಟ್ಟಿ ಆಳುಗಳು, ತಿರುಗಿ ಓಡುವುದರಲ್ಲಿ ಮಾತ್ರ ನಿಧಾನ. ನಾಲ್ವರ ಸಾಲಿನಲ್ಲಿ ಇಂಥವರಿಗೆ ಕಷ್ಟ ಎಲ್ಲಿ ಬರುತ್ತದೆ ಎಂದರೆ, ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಮುಂದೆ ಹೋದಾಗ ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಎದುರಾಳಿ ಚೆಂಡು ಹಾಕುತ್ತಾನೆ. ಆಗ ಸ್ಟಾಪರ್ ಒಬ್ಬ ಪಕ್ಕಕ್ಕೆ ಓಡಲೇಬೇಕು. ಗೋಲಿನ ಮುಂದೆ ಉಳಿಯುವವನು ಒಬ್ಬನೇ. ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು, ಬಂತೆಂದರೆ ಆ ಒಬ್ಬನ ಎದುರು ಇಬ್ಬರು. ಮೂವರ ಸಾಲಿನಲ್ಲಿ ಒಬ್ಬ ಪಕ್ಕಕ್ಕೆ ಎಳೆಯಲ್ಪಟ್ಟರೂ ಇಬ್ಬರು ಗೋಲಿನ ಮುಂದೆಯೇ ಇರುತ್ತಾರೆ. ಕ್ರಾಸನ್ನು ತಲೆಕೊಟ್ಟು ಆಚೆ ಕಳಿಸುವುದು ಹುಥ್‌ಗೂ ಮಾರ್ಗನ್‌ಗೂ ಊಟ ಮಾಡಿದಷ್ಟು ಸಲೀಸು. ಅಂದರೆ ಎದುರಾಳಿಗೆ ಲೆಸ್ಟರ್ ಬಿಟ್ಟುಕೊಟ್ಟ ದಾರಿಯೇ ಲೆಸ್ಟರ್‌ಗೆ ಇಷ್ಟವಾದ ದಾರಿ.

ಇದಕ್ಕೆ ತೆರಬೇಕಾದ ಬೆಲೆ ಎರಡು ಬದಿಗಳಲ್ಲಿ. ಬಲಬದಿಯ ಇಡೀ ಉದ್ದವನ್ನು ಒಬ್ಬನೇ ಓಡಬೇಕು, ಎಡಬದಿಯನ್ನೂ ಅಷ್ಟೇ. ಅಷ್ಟು ಓಡುವವರು ಇಲ್ಲದಿದ್ದರೆ ಮೂವರ ಸಾಲು ಐವರ ಸಾಲಾಗಿ ಕುಗ್ಗಿ, ಚೆಂಡು ಹೊರಹೋದಷ್ಟೇ ಬೇಗ ಮರಳಿ ಬರುತ್ತದೆ. ಹಲವು ತಂಡಗಳು ಈ ಪದ್ಧತಿಗೆ ಹೋಗಿ ಕೆಟ್ಟದ್ದು ಇದರಿಂದಲೇ. ಲೆಸ್ಟರ್‌ನಲ್ಲಿ ಬಲಕ್ಕೆ ಮಾರ್ಕ್ ಆಲ್‌ಬ್ರೈಟನ್, ಎಡಕ್ಕೆ ಜೆಫ್ರಿ ಶ್ಲುಪ್ ಇದ್ದರು. ಆಲ್‌ಬ್ರೈಟನ್ ಅದುವರೆಗೆ ಬೆಂಚಿನಲ್ಲೇ ಹೆಚ್ಚು ಕೂತಿದ್ದವರು. ದಣಿಯದ ಕಾಲು, ಮೊದಲ ಸ್ಪರ್ಶಕ್ಕೇ ಕ್ರಾಸ್ ಹಾಕುವ ಅಭ್ಯಾಸ, ಈ ಜಾಗಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮುಂದೆ ಲಿಯೊನಾರ್ಡೊ ಉಲ್ಲೋವಾ, ಜೇಮಿ ವಾರ್ಡಿ ಅಥವಾ ಡೇವಿಡ್ ನ್ಯೂಜೆಂಟ್ ಪೈಕಿ ಇಬ್ಬರಿಗೆ ಜಾಗ. ನಡುವೆ ಇಂಟರ್ ಮಿಲಾನ್‌ನಿಂದ ಹೊರಬಂದಿದ್ದ ಎಸ್ತೆಬಾನ್ ಕಂಬಿಯಾಸೊ. ಹಿಂದೆ ಮೂವರಿದ್ದುದರಿಂದ ಅವರು ತಮ್ಮ ಗೋಲು ಕಾಯುವ ಚಿಂತೆ ಬಿಟ್ಟು ಹತ್ತು ಹೆಜ್ಜೆ ಮುಂದೆ ಆಡಬಹುದಾಯಿತು.

ಮೂರನೆಯ ಬದಲಾವಣೆ ಗೋಲ್‌ಕೀಪರ್. ಡಿಸೆಂಬರಿನಲ್ಲಿ ಪಾದದ ಮೂಳೆ ಮುರಿದುಕೊಂಡಿದ್ದ ಕ್ಯಾಸ್ಪರ್ ಶ್ಮೈಕಲ್ ಮಾರ್ಚ್‌ನಲ್ಲಿ ಮರಳಿದರು. ಅಲ್ಲಿಯವರೆಗೆ ಜನವರಿಯಲ್ಲಿ ಚೆಲ್ಸಿಯಿಂದ ತಂದಿದ್ದ ಅನುಭವಿ ಮಾರ್ಕ್ ಶ್ವಾರ್ಜರ್ ಜಾಗ ತುಂಬಿದ್ದರು.

ಕುತೂಹಲದ ಸಂಗತಿ ಏನೆಂದರೆ, ಈ ತುಂಡುಗಳು ಜೋಡಣೆಯಾಗುತ್ತಿದ್ದ ಹೊತ್ತಿನಲ್ಲಿ ಬಂದದ್ದು ಸೋಲು. ಮಾರ್ಚ್ 21ರಂದು ಟಾಟನ್‌ಹ್ಯಾಮ್ ಮೈದಾನದಲ್ಲಿ 3-4. ಹ್ಯಾರಿ ಕೇನ್ ಹ್ಯಾಟ್ರಿಕ್ ಹೊಡೆದರು. ಪಟ್ಟಿ ನೋಡಿದವರಿಗೆ ಕಂಡದ್ದು ಮತ್ತೊಂದು ಸೋಲು. ಆಟ ನೋಡಿದವರಿಗೆ ಕಂಡದ್ದು ಬೇರೆ: ಹೊರಗಿನ ಮೈದಾನದಲ್ಲಿ ಮೂರು ಗೋಲು. ಅದಕ್ಕೆ ಮುಂಚೆ ಆ ಸೀಸನ್‌ನಲ್ಲಿ ಎಲ್ಲಿಗೆ ಹೋದರೂ ಎರಡಕ್ಕಿಂತ ಹೆಚ್ಚು ಹೊಡೆದಿರಲಿಲ್ಲ. ಸೆಪ್ಟೆಂಬರಿನಿಂದ ಲೀಗ್ ಗೋಲು ಕಾಣದಿದ್ದ ವಾರ್ಡಿ ಅಂದು ಖಾತೆ ತೆರೆದರು. ನನ್ನ ಮಟ್ಟಿಗೆ ತಿರುವು ಎಂದು ಒಂದು ದಿನಕ್ಕೆ ಬೆರಳು ತೋರಿಸಲೇಬೇಕಾದರೆ ಈ ಸೋಲಿಗೇ ತೋರಿಸುವುದು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಭಾಗ. ಏಪ್ರಿಲ್ 4ಕ್ಕೆ ವೆಸ್ಟ್ ಹ್ಯಾಮ್ ವಿರುದ್ಧ ಆಂಡಿ ಕಿಂಗ್ ಕೊನೆಯ ನಿಮಿಷಗಳಲ್ಲಿ ಹೊಡೆದು 2-1. 11ಕ್ಕೆ ವೆಸ್ಟ್ ಬ್ರಾಮ್ ಮೈದಾನದಲ್ಲಿ 1-2ರಿಂದ ಹಿಂದಿದ್ದು, ಹುಥ್ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ ವಾರ್ಡಿ ಓಡಿಹೋಗಿ 3-2. 18ಕ್ಕೆ ಸ್ವಾನ್ಸಿ ವಿರುದ್ಧ 2-0.

25ಕ್ಕೆ ಬರ್ನ್‌ಲಿಯ ಟರ್ಫ್ ಮೂರ್. ಎರಡೂ ತಂಡ ಕೆಳಗೆ ಸಿಕ್ಕಿಬಿದ್ದವು. ಸ್ಕೋರು 0-0, ಒಂದು ಗಂಟೆ ಮುಗಿಯುತ್ತಾ ಬಂದಿದೆ. ಬರ್ನ್‌ಲಿಗೆ ಪೆನಾಲ್ಟಿ. ಮ್ಯಾಟ್ ಟೇಲರ್ ಹೊಡೆದ ಚೆಂಡು ಗೋಲುಕಂಬಕ್ಕೆ ಬಡಿಯಿತು. ಆಟ ಮುಂದುವರಿದು ಸುಮಾರು ಒಂದು ನಿಮಿಷ, ಮೈದಾನದ ಇನ್ನೊಂದು ತುದಿಯಲ್ಲಿ ವಾರ್ಡಿ ಗೋಲು. 1-0, ಹಾಗೆಯೇ ಮುಗಿಯಿತು. ಕಂಬ ಒಂದು ಅಂಗುಲ ಪಕ್ಕಕ್ಕಿದ್ದಿದ್ದರೆ ಕಥೆಯೇ ಬೇರೆ ಎಂದು ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಆ ಪಂದ್ಯ ಸೋತಿದ್ದರೂ ಲೆಸ್ಟರ್ 38ಕ್ಕೆ ನಿಲ್ಲುತ್ತಿತ್ತು. 33ರಲ್ಲಿ ಮುಗಿಸಿದ ಬರ್ನ್‌ಲಿ 36 ಆಗುತ್ತಿತ್ತು. 18ನೆಯವರಾಗಿ ಕೆಳಗಿಳಿದ ಹಲ್ ಸಿಟಿಗೆ ಇದ್ದದ್ದು 35. ಆದರೂ ಬಚಾವ್. ಉಳಿದ ಪಂದ್ಯಗಳು ಹಾಗೆಯೇ ನಡೆಯುತ್ತಿದ್ದವು ಎಂದು ಯಾರೂ ಪ್ರಮಾಣ ಮಾಡಲಾರರು, ನಿಜ. ಆದರೆ ತಂಡವನ್ನು ಉಳಿಸಿದ್ದು ಕಂಬ ಎನ್ನುವವರು ಕೊನೆಯ ಒಂಬತ್ತು ಪಂದ್ಯಗಳಲ್ಲಿ ಗೋಲೇ ಬಿಟ್ಟುಕೊಡದ ಐದು ಪಂದ್ಯಗಳಿಗೂ ಉತ್ತರ ಹೇಳಬೇಕು. 29 ಪಂದ್ಯಗಳಲ್ಲಿ 48 ಗೋಲು ತಿಂದಿದ್ದ ರಕ್ಷಣೆ ಈ ಒಂಬತ್ತರಲ್ಲಿ ತಿಂದದ್ದು 7. ಅದರಲ್ಲಿ 3 ಚಾಂಪಿಯನ್ ಚೆಲ್ಸಿಯವು.

ಬಚಾವಾಗಲು 40 ಪಾಯಿಂಟ್ ಬೇಕು ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. 2002-03ರಲ್ಲಿ ವೆಸ್ಟ್ ಹ್ಯಾಮ್ 42 ಪಾಯಿಂಟ್ ಇಟ್ಟುಕೊಂಡೂ ಇಳಿಯಿತು. 2004-05ರಲ್ಲಿ ವೆಸ್ಟ್ ಬ್ರಾಮ್ 34ಕ್ಕೇ ಉಳಿಯಿತು, ಅದೂ ಕೊನೆಯ ದಿನ ಬೆಳಿಗ್ಗೆ ತಳದಲ್ಲಿದ್ದ ತಂಡ. ಗುರಿ ಒಂದು ಸಂಖ್ಯೆಯಲ್ಲ, 18ನೆಯವನಿಗಿಂತ ಒಂದು ಹೆಚ್ಚು, ಅಷ್ಟೇ.

ಕೋಚ್ ಬದಲಾವಣೆ? 2015ರ ಫೆಬ್ರವರಿಯಲ್ಲಿ ಪಿಯರ್ಸನ್ ಅವರನ್ನು ತೆಗೆದರೆಂದು ಸುದ್ದಿ ಹಬ್ಬಿ, ಕ್ಲಬ್ ಅಲ್ಲಗಳೆಯಿತು. ಜೂನ್ 30ರಂದು ನಿಜವಾಗಿಯೂ ತೆಗೆದರು. ಅವರ ಜಾಗಕ್ಕೆ ಬಂದ ಕ್ಲಾಡಿಯೊ ರಾನಿಯೇರಿ ಮರುವರ್ಷ ಇದೇ ತಂಡದ ಹೆಚ್ಚಿನವರನ್ನು ಇಟ್ಟುಕೊಂಡು 81 ಪಾಯಿಂಟ್‌ನೊಂದಿಗೆ ಲೀಗ್ ಗೆದ್ದರು. 2023ರಲ್ಲಿ ಅದೇ ಕ್ಲಬ್ ಏಪ್ರಿಲ್ 2ಕ್ಕೆ ಬ್ರೆಂಡನ್ ರಾಜರ್ಸ್ ಅವರನ್ನು ಕಳಿಸಿ, 8 ಪಂದ್ಯ ಉಳಿದಾಗ ಡೀನ್ ಸ್ಮಿತ್ ಅವರನ್ನು ಕರೆತಂದಿತು. 9 ಪಾಯಿಂಟ್ ಬಂತು, ಸಾಲಲಿಲ್ಲ. 34ರಲ್ಲಿ ಇಳಿಯಿತು. ಆ ವರ್ಷ ಲೆಸ್ಟರ್ 51 ಗೋಲು ಹೊಡೆದಿತ್ತು. 36 ಪಾಯಿಂಟ್‌ನೊಂದಿಗೆ ಉಳಿದ ಎವರ್ಟನ್ ಹೊಡೆದದ್ದು 34. ವ್ಯತ್ಯಾಸ ಹಿಂದಿನ ಸಾಲಿನದು: ಲೆಸ್ಟರ್ 68 ಬಿಟ್ಟುಕೊಟ್ಟಿತು, ಎವರ್ಟನ್ 57.

ಬರ್ನ್‌ಲಿಯಲ್ಲಿ ಇರದಿದ್ದ ಆ ತಿರುವಿನ ಪೆನಾಲ್ಟಿ ಇದ್ದದ್ದು ಈ ಸೀಸನ್‌ನಲ್ಲಿ. 2023ರ ಮೇ 1, ಕಿಂಗ್ ಪವರ್, ಎದುರಾಳಿ ಎವರ್ಟನ್. ಇಂಗ್ಲೆಂಡಿನವರು ಇಂಥದ್ದನ್ನು ಆರು ಪಾಯಿಂಟ್‌ನ ಪಂದ್ಯ ಎನ್ನುತ್ತಾರೆ. ನಮಗೆ ಬರುವ ಮೂರರ ಜೊತೆ ಪಕ್ಕದವನಿಗೆ ಬರಬೇಕಿದ್ದ ಮೂರು ತಪ್ಪುತ್ತದೆ. ಮೊದಲರ್ಧ ಮುಗಿಯುವ ಹೊತ್ತಿಗೆ ಲೆಸ್ಟರ್ 2-1ರಿಂದ ಮುಂದಿತ್ತು, ಪೆನಾಲ್ಟಿಯೂ ಸಿಕ್ಕಿತು. ಹೊಡೆಯಲು ಬಂದವರು ಜೇಮ್ಸ್ ಮ್ಯಾಡಿಸನ್. ಎವರ್ಟನ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಅವರ ನೀರಿನ ಬಾಟಲಿಯ ಮೇಲೆ ಎದುರಾಳಿಗಳ ಹೆಸರು, ಯಾರಿಗೆ ಯಾವ ಕಡೆ ಎಂಬ ಟಿಪ್ಪಣಿ ಅಂಟಿಸಿದ್ದರು. ಮ್ಯಾಡಿಸನ್ ಹೆಸರಿನ ಎದುರು ಜಾಗ ಬಿಟ್ಟು ಕದಲಬೇಡ ಎಂಬ ಸೂಚನೆ ಇತ್ತು. ಪಿಕ್‌ಫರ್ಡ್ ನಡುವೆಯೇ ನಿಂತರು, ಚೆಂಡು ನೇರ ಅವರ ಮೇಲೆಯೇ ಬಂತು. ದ್ವಿತೀಯಾರ್ಧದಲ್ಲಿ ಅಲೆಕ್ಸ್ ಇವೋಬಿ ಸಮ ಮಾಡಿದರು, 2-2. ಲೆಸ್ಟರ್ ಆ ಪಂದ್ಯ ಗೆದ್ದಿದ್ದರೆ ಅದರ 34ಕ್ಕೆ ಎರಡು ಸೇರಿ 36, ಎವರ್ಟನ್‌ನ 36ರಲ್ಲಿ ಒಂದು ಕಳೆದು 35.