ವರ್ತುಲ ರೈಲು ಮಾರ್ಗದ ಯೋಜನೆ: ತ್ರಿಜ್ಯ, ಸುತ್ತಿನ ಸಮಯ, ಕೊನೆಯಿಲ್ಲದ ಹಳಿ

ನಗರ ಸಾರಿಗೆ ಯೋಜನೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಪ್ರಯಾಣಿಕರ ಅಂದಾಜು, ಮಣ್ಣಿನ ಪರೀಕ್ಷೆ, ವೆಚ್ಚದ ಲೆಕ್ಕ ಇವೆಲ್ಲ ನೇರ ಮಾರ್ಗಕ್ಕೂ ವರ್ತುಲ ಮಾರ್ಗಕ್ಕೂ ಹೆಚ್ಚುಕಡಿಮೆ ಒಂದೇ, ಅದನ್ನು ಬಿಟ್ಟಿದ್ದೇನೆ. ವರ್ತುಲಕ್ಕೆ ಮಾತ್ರ ಅಂಟಿಕೊಂಡ ತೊಡಕುಗಳಷ್ಟೇ ಇಲ್ಲಿವೆ. ಅದರಲ್ಲೂ ಸುತ್ತಿನ ಸಮಯದ ಲೆಕ್ಕ ನನ್ನ ತಲೆಗೆ ಇಳಿಯಲು ಜಾಸ್ತಿ ಹೊತ್ತು ಹಿಡಿಯಿತು. ಹಾಗಾಗಿ ಜಾಸ್ತಿ ಜಾಗವನ್ನೂ ಅದೇ ತಿಂದಿದೆ.

ಎಷ್ಟು ದೊಡ್ಡ ವರ್ತುಲ?

ಊರು ಬೆಳೆಯುವಾಗ ಮೊದಲು ಬರುವುದು ಹೊರವಲಯದಿಂದ ನಡುವಿಗೆ ಹೋಗುವ ಮಾರ್ಗಗಳು. ಇವನ್ನು ರೇಡಿಯಲ್ ಅನ್ನೋಣ. ಎಲ್ಲ ರೇಡಿಯಲ್‌ಗಳೂ ನಡುವಿನಲ್ಲಿ ಸೇರುವುದರಿಂದ ಪಕ್ಕದ ಬಡಾವಣೆಗೆ ಹೋಗುವವನೂ ಊರ ನಡುವಿಗೆ ಹೋಗಿ ರೈಲು ಬದಲಿಸಬೇಕು. ನಡುವಿನ ನಿಲ್ದಾಣ ಉಸಿರುಗಟ್ಟುತ್ತದೆ. ಆಗ ಯಾರೋ ನಕ್ಷೆಯ ಮೇಲೆ ಒಂದು ವೃತ್ತ ಎಳೆಯುತ್ತಾರೆ.

ಆ ವೃತ್ತ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಹೈಸ್ಕೂಲ್ ಗಣಿತ ಸಾಕು. ತ್ರಿಜ್ಯ r ಇರಲಿ. ಒಂದು ರೇಡಿಯಲ್‌ನಿಂದ ಇನ್ನೊಂದಕ್ಕೆ ನಡುವಿನ ಮೂಲಕ ಹೋದರೆ ದೂರ 2r. ವರ್ತುಲದ ಮೇಲೆ ಹೋದರೆ r ಗುಣಿಸು θ. ಇಲ್ಲಿ θ ಅಂದರೆ ಎರಡು ರೇಡಿಯಲ್‌ಗಳ ನಡುವಿನ ಕೋನ, ರೇಡಿಯನ್‌ನಲ್ಲಿ. ಎರಡೂ ಸಮ ಆಗುವುದು θ = 2 ಆದಾಗ, ಅಂದರೆ ಸುಮಾರು 115 ಡಿಗ್ರಿ. ಕೋನ ಅದಕ್ಕಿಂತ ಜಾಸ್ತಿ ಇದ್ದರೆ ನಡುವಿನ ದಾರಿಯೇ ಹತ್ತಿರ. ಇದರಲ್ಲಿ r ಎಲ್ಲೂ ಬರುವುದಿಲ್ಲ ನೋಡಿ. ವರ್ತುಲ ಚಿಕ್ಕದಿರಲಿ, ದೊಡ್ಡದಿರಲಿ, ಅದರ ಮೇಲೆ ಮೂರನೇ ಒಂದು ಸುತ್ತಿಗಿಂತ ಜಾಸ್ತಿ ದೂರ ಹೋಗುವವರು ಕಡಿಮೆಯೇ.

ಆದರೆ ದೂರ ಒಂದೇ ನೋಡಿದರೆ ಸಾಲದು. ನಡುವಿನಲ್ಲಿ ಹೋದರೆ ಒಂದು ಸಲ ರೈಲು ಬದಲಿಸಿದರೆ ಆಯಿತು. ವರ್ತುಲದಲ್ಲಿ ಎರಡು ಸಲ: ರೇಡಿಯಲ್‌ನಿಂದ ವರ್ತುಲಕ್ಕೆ, ಮತ್ತೆ ವರ್ತುಲದಿಂದ ಇನ್ನೊಂದು ರೇಡಿಯಲ್‌ಗೆ. ಮೆಟ್ಟಿಲು, ನಡಿಗೆ, ಕಾಯುವುದು ಸೇರಿ ಒಂದು ಬದಲಾವಣೆಗೆ 5 ನಿಮಿಷ ಅಂತ ಇಟ್ಟುಕೊಳ್ಳಿ. ನಿಲುಗಡೆಗಳೂ ಸೇರಿ ರೈಲಿನ ಸರಾಸರಿ ವೇಗ ಗಂಟೆಗೆ 33 ಕಿ.ಮೀ. ಆದರೆ, ಆ 5 ನಿಮಿಷ 2.75 ಕಿ.ಮೀ. ಪ್ರಯಾಣಕ್ಕೆ ಸಮ. ಆರು ರೇಡಿಯಲ್‌ಗಳಿವೆ, ಒಂದಕ್ಕೊಂದು 60 ಡಿಗ್ರಿ ದೂರ ಅನ್ನೋಣ. ಪಕ್ಕದ ರೇಡಿಯಲ್‌ಗೆ ವರ್ತುಲದ ದಾರಿ 1.05r + 2.75. ನಡುವಿನ ದಾರಿ 2r. ಸಮ ಮಾಡಿದರೆ r ಸುಮಾರು 2.9 ಕಿ.ಮೀ. ಬರುತ್ತದೆ. ಅದಕ್ಕಿಂತ ಚಿಕ್ಕ ವರ್ತುಲ ಪಕ್ಕದ ರೇಡಿಯಲ್‌ನವರನ್ನೂ ನಡುವಿನಿಂದ ಸೆಳೆಯಲಾರದು.

2.9 ಕಿ.ಮೀ. ತ್ರಿಜ್ಯ ಅಂದರೆ ಸುಮಾರು 18 ಕಿ.ಮೀ. ಸುತ್ತಳತೆ. ಮಾಸ್ಕೋದ ಕೋಲ್ತ್ಸೆವಾಯ ಮಾರ್ಗ 1950ರಿಂದ 1954ರ ನಡುವೆ ಮೂರು ಕಂತಿನಲ್ಲಿ ತೆರೆಯಿತು. ಅದರ ಉದ್ದ 19.4 ಕಿ.ಮೀ., ಹೆಚ್ಚುಕಡಿಮೆ ಈ ಗಡಿಯ ಮೇಲೇ ಇದೆ. ಆಮೇಲೆ ಮಾಸ್ಕೋ ಅದರ ಹೊರಗೆ ಇನ್ನೂ ಎರಡು ವರ್ತುಲ ಮಾಡಿಕೊಂಡಿತು: 2016ರಲ್ಲಿ 54 ಕಿ.ಮೀ.ಯ ಸೆಂಟ್ರಲ್ ಸರ್ಕಲ್, 2023ರಲ್ಲಿ ಪೂರ್ತಿಯಾದ ಬಿಗ್ ಸರ್ಕಲ್ ಲೈನ್. ಊರು ಹಿಗ್ಗಿದಂತೆ ವರ್ತುಲವೂ ಹೊರಗೆ ಸರಿಯಬೇಕು, ಆದರೆ ಸುರಂಗ ಸರಿಯುವುದಿಲ್ಲ ಅಲ್ವಾ?

ಕೋಪನ್‌ಹೇಗನ್‌ನ ಸಿಟಿರಿಂಗನ್ ಬರೀ 15.5 ಕಿ.ಮೀ. 17 ನಿಲ್ದಾಣ, 24 ನಿಮಿಷಕ್ಕೆ ಒಂದು ಸುತ್ತು. ನಮ್ಮ ಲೆಕ್ಕದ ಪ್ರಕಾರ ಅದು ಸೋಲಬೇಕು. ಸೋಲದಿರುವುದಕ್ಕೆ ಕಾರಣ, ಜನ ಹೋಗಬೇಕಾದ ಜಾಗಗಳೇ ಅದರ ಮೇಲೆ ಸಾಲಾಗಿವೆ. ರೇಡಿಯಲ್‌ನಿಂದ ರೇಡಿಯಲ್‌ಗೆ ದಾಟಿಸುವ ವರ್ತುಲ ಒಂದು ಜಾತಿ, ತನ್ನದೇ ಪ್ರಯಾಣಿಕರಿರುವ ವರ್ತುಲ ಇನ್ನೊಂದು. ಯಾವ ವರದಿ ಓದಿದರೂ ಮೊದಲು ಇದು ಯಾವ ಜಾತಿ ಅಂತ ಕೇಳಿಕೊಳ್ಳಿ. ಅರ್ಧ ವಾದಗಳು ಅಲ್ಲೇ ತಣ್ಣಗಾಗುತ್ತವೆ.

ಸುತ್ತಿನ ಸಮಯ

ಇದೇ ಆ ತೊಡಕು. ಎರಡು ರೈಲುಗಳ ನಡುವಿನ ಸಮಯವನ್ನು ಹೆಡ್‌ವೇ ಅನ್ನುತ್ತಾರೆ. ಸೂತ್ರ ಒಂದೇ ಸಾಲು:

ಬೇಕಾದ ರೈಲುಗಳು = ಸುತ್ತಿನ ಸಮಯ ÷ ಹೆಡ್‌ವೇ

ನೇರ ಮಾರ್ಗಕ್ಕೂ ಇದೇ ಸೂತ್ರ. ಹಾಗಾದರೆ ವರ್ತುಲಕ್ಕೆ ವಿಶೇಷ ಏನು? ಪುಸ್ತಕಗಳು ಈ ಜಾಗದಲ್ಲಿ ಸುಮ್ನೆ ಒಂದು ವಾಕ್ಯ ಬರೆದು ಮುಂದೆ ಓಡುತ್ತವೆ. ನಿಧಾನಕ್ಕೆ ನೋಡೋಣ.

ಒಂದು ವರ್ತುಲ ಸುತ್ತಲು 47 ನಿಮಿಷ ಬೇಕು ಅನ್ನಿ. 4 ನಿಮಿಷಕ್ಕೊಂದು ರೈಲು ಬೇಕು. 47 ÷ 4 = 11.75. ಮುಕ್ಕಾಲು ರೈಲು ಓಡಿಸಲು ಆಗುವುದಿಲ್ಲ. 11 ರೈಲು ಬಿಟ್ಟರೆ? ಹನ್ನೊಂದು ರೈಲುಗಳ ನಡುವೆ ಹತ್ತು ಸಂದು, ತಲಾ 4 ನಿಮಿಷ, ಒಟ್ಟು 40. ಮಿಕ್ಕಿದ 7 ನಿಮಿಷ ಕೊನೆಯ ರೈಲಿಗೂ ಮೊದಲನೆಯದಕ್ಕೂ ನಡುವೆ ಬಾಯಿ ತೆರೆದು ಕೂರುತ್ತದೆ. ಆ ಸಂದಿನಲ್ಲಿ ಪ್ಲಾಟ್‌ಫಾರ್ಮ್ ತುಂಬುತ್ತದೆ, ಅದರ ಹಿಂದೆ ಬರುವ ರೈಲಿಗೆ ಜನ ನುಗ್ಗುತ್ತಾರೆ. ಆ ಸಂದು ಒಂದೇ ಕಡೆ ನಿಲ್ಲುವುದೂ ಇಲ್ಲ, ರೈಲುಗಳ ಜೊತೆ ಇಡೀ ಊರು ಸುತ್ತುತ್ತದೆ.

ಹಾಗಾಗಿ 12 ರೈಲು. 12 × 4 = 48. ಓಟಕ್ಕೆ ಬೇಕಾದದ್ದು 47, ವೇಳಾಪಟ್ಟಿಯಲ್ಲಿ 48. ಒಂದು ನಿಮಿಷ ಮಿಗುತ್ತದೆ. ನೇರ ಮಾರ್ಗದಲ್ಲೂ ಹೀಗೆ ಮಿಗುತ್ತದೆ. ಆದರೆ ಅಲ್ಲಿ ಮಿಕ್ಕ ಸಮಯವನ್ನು ಕೊನೆಯ ನಿಲ್ದಾಣದಲ್ಲಿ ಕಳೆಯಬಹುದು. ಜನ ಇಳಿದಾಗಿದೆ, ರೈಲು ಖಾಲಿ ನಿಂತಿದೆ, ಚಾಲಕ ನೀರು ಕುಡಿದು ಇನ್ನೊಂದು ತುದಿಯ ಕ್ಯಾಬಿನ್‌ಗೆ ನಡೆಯುತ್ತಾನೆ. ಯಾರಿಗೂ ತೊಂದರೆ ಇಲ್ಲ. ವರ್ತುಲಕ್ಕೆ ಕೊನೆಯ ನಿಲ್ದಾಣವೇ ಇಲ್ಲ. ಮಿಕ್ಕ ನಿಮಿಷವನ್ನು ಎಲ್ಲಿ ಕಳೆದರೂ ಒಳಗೆ ಜನ ಕೂತೇ ಇರುತ್ತಾರೆ. ಸೂತ್ರ ಒಂದೇ, ಬಿಡುವು ಬೀಳುವ ಜಾಗ ಬೇರೆ. ಇಷ್ಟು ಹಿಡಿದಿಟ್ಟುಕೊಂಡರೆ ಮಿಕ್ಕದ್ದೆಲ್ಲ ಇದರ ಬಾಲ ಹಿಡಿದು ಬರುತ್ತದೆ.

ಬಿಡುವು ಬೇಡವೇ ಬೇಡ, 47ನ್ನೇ 12ರಿಂದ ಭಾಗಿಸಿ 3 ನಿಮಿಷ 55 ಸೆಕೆಂಡ್‌ಗೆ ಓಡಿಸಿದರೆ ಆಗದೇ? ಕಾಗದದ ಮೇಲೆ ಆಗುತ್ತದೆ. ಈಗ ಒಂದು ರೈಲು 2 ನಿಮಿಷ ತಡವಾಯಿತು ಅನ್ನಿ. ತಡವಾದ ರೈಲಿಗೆ ಪ್ರತಿ ನಿಲ್ದಾಣದಲ್ಲೂ ಜಾಸ್ತಿ ಜನ ಕಾಯುತ್ತಿರುತ್ತಾರೆ. ಹತ್ತಿ ಇಳಿಯಲು ಜಾಸ್ತಿ ಹೊತ್ತು. ಇನ್ನೂ ತಡ. ಹಿಂದಿನ ರೈಲಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಇದರ ಬೆನ್ನಿಗೆ ಬೀಳುತ್ತದೆ. ನೇರ ಮಾರ್ಗದಲ್ಲಿ ಈ ಜಗಳ ಕೊನೆಯ ನಿಲ್ದಾಣದಲ್ಲಿ ಮುಗಿಯುತ್ತದೆ. ವರ್ತುಲದಲ್ಲಿ ತಡವಾದ ರೈಲು ಅದೇ ತಡ ಹೊತ್ತುಕೊಂಡು ಹೊರಟ ನಿಲ್ದಾಣಕ್ಕೇ ವಾಪಸು ಬರುತ್ತದೆ.

48ರ ವೇಳಾಪಟ್ಟಿಯಲ್ಲಿ ಸುತ್ತಿಗೆ ಒಂದು ನಿಮಿಷ ಬಿಡುವಿದೆ. 2 ನಿಮಿಷದ ತಡ ತೀರಲು ಎರಡು ಸುತ್ತು, ಅಂದರೆ 96 ನಿಮಿಷ ಬೇಕು. ಅದೂ ತಡ ಬೆಳೆಯದಿದ್ದರೆ. ಬೆಳಿಗ್ಗೆ 8ಕ್ಕೆ ಬಾಗಿಲಿಗೆ ಒಂದು ಚೀಲ ಸಿಕ್ಕಿಕೊಂಡರೆ ಆ ರೈಲು ಸರಿಹೋಗುವುದು 9:36ಕ್ಕೆ. ಅಷ್ಟರಲ್ಲಿ ದಟ್ಟಣೆಯ ಹೊತ್ತೇ ಮುಗಿಯುತ್ತಾ ಬಂದಿರುತ್ತದೆ.

ಲಂಡನ್ನಿನ ಸರ್ಕಲ್ ಲೈನ್ 1884ರಲ್ಲಿ ಪೂರ್ತಿ ವರ್ತುಲವಾಯಿತು. ಬೇರೆ ಮಾರ್ಗಗಳ ಜೊತೆ ಹಳಿ ಹಂಚಿಕೊಂಡು ಓಡುತ್ತಿತ್ತು, ಹಾಗಾಗಿ ಇನ್ನೊಬ್ಬರ ತಡವೂ ಇದರ ತಲೆಗೆ ಬರುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ಅದನ್ನು ಬಿಡಿಸಿ ಬಾಲ ಇರುವ ಸುರುಳಿ ಮಾಡಿದರು. ಈಗ ಹ್ಯಾಮರ್‌ಸ್ಮಿತ್‌ನಲ್ಲಿ ಒಂದು ತುದಿ, ಎಜ್‌ವೇರ್ ರೋಡ್‌ನಲ್ಲಿ ಇನ್ನೊಂದು. ನಕ್ಷೆಯ ಮೇಲೆ ಚಂದ ಕೆಟ್ಟಿತು, ಆದರೆ ತಡವನ್ನು ಇಳಿಸಿಡಲು ಎರಡು ತುದಿ ಸಿಕ್ಕವು. ನನಗೆ ಇದು ಸರಿಯಾದ ತೀರ್ಮಾನ ಅನಿಸುತ್ತದೆ. ವೃತ್ತದ ಮೋಹ ಪ್ರಯಾಣಿಕರದ್ದಲ್ಲ, ನಕ್ಷೆ ಬರೆಯುವವರದ್ದು.

ನನ್ನ ಇಷ್ಟದ ಅಡ್ಡದಾರಿ

ಹೆಡ್‌ವೇಯಿಂದ ಶುರು ಮಾಡಬೇಡಿ. ಮೊದಲು ಸುತ್ತಿನ ಸಮಯಕ್ಕೆ ಒಂದು ಒಳ್ಳೆ ಸಂಖ್ಯೆ ಆರಿಸಿ. ಒಳ್ಳೆ ಸಂಖ್ಯೆ ಅಂದರೆ ಜಾಸ್ತಿ ಭಾಜಕಗಳಿರುವುದು.

48ನ್ನು ನೋಡಿ. 3, 4, 6, 8 ಎಲ್ಲದಕ್ಕೂ ಶೇಷವಿಲ್ಲದೆ ಒಡೆಯುತ್ತದೆ. ದಟ್ಟಣೆಯಲ್ಲಿ 3 ನಿಮಿಷಕ್ಕೊಂದರಂತೆ 16 ರೈಲು, ಮಧ್ಯಾಹ್ನ 4ಕ್ಕೊಂದರಂತೆ 12, ರಾತ್ರಿ 8ಕ್ಕೊಂದರಂತೆ 6. ಯಾವ ಹೊತ್ತಲ್ಲೂ ಸುತ್ತಿನ ಸಮಯ ಬದಲಾಗುವುದಿಲ್ಲ. ಅದೇ 5 ನಿಮಿಷದ ಹೆಡ್‌ವೇ ಬೇಕು ಅಂತ ಹಟ ಹಿಡಿದರೆ 10 ರೈಲು, 50 ನಿಮಿಷ. 47 ನಿಮಿಷದ ದಾರಿಯಲ್ಲಿ 3 ನಿಮಿಷ ಸುಮ್ನೆ ನಿಲ್ಲಬೇಕು.

ಬರ್ಲಿನ್ ರಿಂಗ್‌ಬಾನ್ ಸುತ್ತಲು 60 ನಿಮಿಷ. 5 ನಿಮಿಷಕ್ಕೊಂದಾದರೆ ಒಂದು ದಿಕ್ಕಿಗೆ 12 ರೈಲು, 10 ನಿಮಿಷಕ್ಕೊಂದಾದರೆ 6. 37 ಕಿ.ಮೀ. ಚಿಲ್ಲರೆ ಉದ್ದ, 27 ನಿಲ್ದಾಣ, ಆದರೂ ಗಡಿಯಾರದ ಮುಳ್ಳಿಗೆ ಹೊಂದಿಕೊಂಡಿದೆ. ಸುತ್ತಿನ ಸಮಯ 63 ಆಗಿದ್ದರೆ 5ರ ಜೊತೆಗೂ 10ರ ಜೊತೆಗೂ ಒದ್ದಾಟವೇ.

ಇನ್ನೊಂದು ಮಾತು. ಎರಡು ದಿಕ್ಕಿಗೂ ಲೆಕ್ಕ ಬೇರೆ ಬೇರೆ ಮಾಡಬೇಕು. ಬಲಸುತ್ತಿನ ರೈಲು ತಾನಾಗಿ ಎಡಸುತ್ತಿಗೆ ಬರುವುದಿಲ್ಲ. ಹಾಗಾಗಿ ನಮ್ಮ 47 ನಿಮಿಷದ ವರ್ತುಲಕ್ಕೆ 4 ನಿಮಿಷಕ್ಕೊಂದರಂತೆ 12 + 12 = 24, ಅದರ ಮೇಲೆ ರಿಪೇರಿಗೆ ನಿಲ್ಲಿಸುವ ರೈಲುಗಳು. ಅಷ್ಟೇ ಉದ್ದದ ನೇರ ಮಾರ್ಗವಾದರೆ ಹೋಗಿ ಬರಲು 94 ನಿಮಿಷ, ಎರಡು ತುದಿಯಲ್ಲಿ ತಲಾ 3 ನಿಮಿಷ, ಒಟ್ಟು 100. ನಾಲ್ಕರಿಂದ ಭಾಗಿಸಿದರೆ 25 ರೈಲು. ವರ್ತುಲದಲ್ಲಿ ಒಂದು ರೈಲು ಉಳಿಯಿತು ಅಂತ ಕುಣಿಯಬೇಡಿ, ಆ ಉಳಿತಾಯ ಬಂದದ್ದು ಬಿಡುವನ್ನು ಕತ್ತರಿಸಿದ್ದರಿಂದ.

ಮಿಕ್ಕ ಒಂದು ನಿಮಿಷವನ್ನು ಎಲ್ಲಿ ಹಾಕುವುದು? ಒಂದೇ ಕಡೆ ಹಾಕಿದರೆ ಜನ ಗೊಣಗುತ್ತಾರೆ. ಮೂರು ಇಂಟರ್‌ಚೇಂಜ್ ನಿಲ್ದಾಣಗಳಲ್ಲಿ ತಲಾ 20 ಸೆಕೆಂಡ್ ಹಂಚಿ. ಅಲ್ಲಿ ಹೇಗೂ ಹತ್ತಿ ಇಳಿಯುವ ಗದ್ದಲ ಇರುತ್ತದೆ, ಗೊತ್ತೇ ಆಗುವುದಿಲ್ಲ.

ಚಕ್ರ ಒಂದೇ ಕಡೆ ಸವೆಯುವುದು

ಬಲಸುತ್ತಿನ ರೈಲಿನ ಎಡ ಮಗ್ಗುಲು ಯಾವಾಗಲೂ ವರ್ತುಲದ ಹೊರಕ್ಕೆ ಇರುತ್ತದೆ. ಹಾಗಾಗಿ ಒಂದು ಕಡೆಯ ಚಕ್ರದ ಅಂಚು ಜಾಸ್ತಿ ಸವೆಯುತ್ತದೆ. ಅದೇ ರೈಲನ್ನು ಕೆಲವು ದಿನ ಎಡಸುತ್ತಿಗೆ ಹಾಕಿದರೆ ಸರಿಹೋಗುತ್ತದೆ ಅನಿಸುತ್ತದೆ ಅಲ್ವಾ? ಆಗುವುದಿಲ್ಲ. ಚಾಲಕ ಇನ್ನೊಂದು ತುದಿಗೆ ಹೋಗಿ ಕೂತ, ಅಷ್ಟೇ. ರೈಲು ತಿರುಗಲಿಲ್ಲ. ಹೊರಕ್ಕಿದ್ದ ಮಗ್ಗುಲು ಹೊರಕ್ಕೇ ಇದೆ. ಪೆನ್ಸಿಲ್ ಒಂದನ್ನು ತಟ್ಟೆಯ ಅಂಚಿನಲ್ಲಿ ಇಟ್ಟು ಹಿಂದೆ ಮುಂದೆ ಸರಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ.

ರೈಲನ್ನು ನಿಜವಾಗಿ ತಿರುಗಿಸಲು ತ್ರಿಕೋನಾಕಾರದ ಹಳಿ ಬೇಕು. ಡಿಪೊಗೆ ಹೋಗುವ ದಾರಿ ವರ್ತುಲವನ್ನು ಎರಡೂ ಕಡೆಯಿಂದ ಕೂಡಿದರೆ ಈ ತ್ರಿಕೋನ ತಾನೇ ಆಗುತ್ತದೆ: ಒಂದು ಕಾಲಿನಿಂದ ಒಳಗೆ, ಹಿಂದಕ್ಕೆ ಹೊರಟು ಇನ್ನೊಂದು ಕಾಲಿನಿಂದ ಹೊರಗೆ. ಡಿಪೊಗೆ ಜಾಗ ಹುಡುಕುವಾಗಲೇ ಇದನ್ನು ಸೇರಿಸಬೇಕು. ಆಮೇಲೆ ಸೇರಿಸಲು ಜಾಗ ಇರುವುದಿಲ್ಲ.

ಕೂಡುವ ಜಾಗಗಳು, ಕಂತುಗಳು

ಇದನ್ನು ಬೇಗ ಮುಗಿಸುತ್ತೇನೆ. ದೆಹಲಿಯಲ್ಲಿ 1975ರಲ್ಲಿ ಗೂಡ್ಸ್ ರೈಲುಗಳಿಗಾಗಿ ರಿಂಗ್ ರೈಲ್ವೆ ಮಾಡಿದರು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಪ್ರಯಾಣಿಕರ ಸೇವೆ ಹೆಚ್ಚಿಸಿದರು. ಹಳಿ ಇದೆ, ನಿಲ್ದಾಣ ಇವೆ, ಜನ ಮಾತ್ರ ಅಷ್ಟಾಗಿ ಹತ್ತಲಿಲ್ಲ. ರೈಲುಗಳು ವಿರಳ, ನಿಲ್ದಾಣದಿಂದ ಬಸ್ಸಿಗೆ ಹೋಗುವ ದಾರಿ ಸರಿಯಿಲ್ಲ. ಮಾಸ್ಕೋದ ಸೆಂಟ್ರಲ್ ಸರ್ಕಲ್ ಕೂಡ 1908ರ ಹಳೆಯ ಗೂಡ್ಸ್ ವರ್ತುಲದ ಮೇಲೇ ನಿಂತಿದೆ. ಅಲ್ಲಿ ಮೆಟ್ರೋ ಜೊತೆ ಕೂಡಿಸುವ ನಿಲ್ದಾಣ ಮಾಡಿದರು, 90 ನಿಮಿಷದೊಳಗೆ ಬದಲಿಸಿದರೆ ಎರಡನೇ ಟಿಕೆಟ್ ಬೇಡ ಅಂದರು. ರೈಲು ಬದಲಿಸಲು ಅಂತ ಮೇಲೆ ಲೆಕ್ಕ ಹಾಕಿದ 5 ನಿಮಿಷವನ್ನು 3ಕ್ಕೆ ಇಳಿಸಿದರೆ 2.9 ಕಿ.ಮೀ. ಗಡಿಯೂ ಸುಮಾರು 1.7ಕ್ಕೆ ಇಳಿಯುತ್ತದೆ. ಒಂದು ಎಸ್ಕಲೇಟರ್‌ಗೆ ಅಷ್ಟು ಬೆಲೆ.

ವರ್ತುಲ ಒಂದೇ ದಿನ ತೆರೆಯುವುದು ಅಪರೂಪ. ದಕ್ಷಿಣ ಕೊರಿಯಾದ ಸೋಲ್ ನಗರದ 2ನೇ ಮಾರ್ಗ 1980ರಲ್ಲಿ ಒಂದು ತುಂಡಾಗಿ ಶುರುವಾಗಿ 1984ರಲ್ಲಿ ಪೂರ್ತಿ ವರ್ತುಲವಾಯಿತು. ಶಾಂಘೈನ 4ನೇ ಮಾರ್ಗ 2003ರ ಸುರಂಗ ಕುಸಿತದಿಂದಾಗಿ 2005ರಲ್ಲಿ ಬಾಯಿ ತೆರೆದ ಆಕಾರದಲ್ಲೇ ಓಡಲು ಶುರುಮಾಡಿತು, 2007ರ ಕೊನೆಗೆ ಪೂರ್ತಿಯಾಯಿತು. ಹಾಗಾಗಿ ಪ್ರತಿ ಕಂತಿನ ತುದಿಯಲ್ಲೂ ರೈಲು ಹಿಂದಿರುಗುವ ಹಳಿ ಬೇಕು. ವರ್ತುಲ ಪೂರ್ತಿಯಾದ ಮೇಲೆ ಅದನ್ನು ಕೀಳಬೇಡಿ. ಕೆಟ್ಟ ರೈಲನ್ನು ಪಕ್ಕಕ್ಕೆ ಎಳೆಯಲು ಅದೇ ಬೇಕಾಗುತ್ತದೆ.

ಕೈ ಆಡಿಸಲು ಒಂದು ಲೆಕ್ಕ

ಸುತ್ತಲು ನಿಜವಾಗಿ ಬೇಕಾದದ್ದು 52 ನಿಮಿಷ. ದಟ್ಟಣೆಯಲ್ಲಿ ಸುಮಾರು 4 ನಿಮಿಷಕ್ಕೊಂದು, ಬೇರೆ ಹೊತ್ತಲ್ಲಿ 6 ನಿಮಿಷಕ್ಕೊಂದು ರೈಲು ಬೇಕು. ಸುತ್ತಿನ ಸಮಯ ಎಷ್ಟಿಡುತ್ತೀರಿ?

52 ಇಟ್ಟರೆ 4ಕ್ಕೆ 13 ರೈಲು ಸರಿಯಾಗಿ ಕೂರುತ್ತವೆ, ಆದರೆ ಬಿಡುವು ಸೊನ್ನೆ, 6ಕ್ಕೆ ಹೊಂದುವುದೂ ಇಲ್ಲ. 56 ಇಟ್ಟರೆ 6 ಮತ್ತೆ ಕೈಕೊಡುತ್ತದೆ. 60ಕ್ಕೆ ಎರಡೂ ಹೊಂದುತ್ತವೆ, ಆದರೆ ಸುತ್ತಿಗೆ 8 ನಿಮಿಷ ನಿಲ್ಲುವುದನ್ನು ಯಾರು ಸಹಿಸುತ್ತಾರೆ? ನಾನು 54 ಇಡುತ್ತೇನೆ. ದಟ್ಟಣೆಯಲ್ಲಿ ನಾಲ್ಕೂವರೆ ನಿಮಿಷಕ್ಕೊಂದರಂತೆ 12 ರೈಲು, ಬೇರೆ ಹೊತ್ತಲ್ಲಿ 6 ನಿಮಿಷಕ್ಕೊಂದರಂತೆ 9, ಸುತ್ತಿಗೆ 2 ನಿಮಿಷ ಬಿಡುವು. 4 ನಿಮಿಷವೇ ಬೇಕು ಅಂತ ಮೇಲಿನವರು ಹಟ ಹಿಡಿದರೆ, ನಿಲುಗಡೆಗಳನ್ನು ಬಿಗಿಮಾಡಿ ಓಟವನ್ನೇ 47ಕ್ಕೆ ಇಳಿಸಬಹುದೇ ಅಂತ ಸಿಗ್ನಲ್‌ನವರನ್ನು ಕೇಳಿ.