ಬಾಲ್ಕನಿಯ ಕಂಬಿ ಕೆಳಗೆ ಹಾಕಬೇಡಿ, ದಯವಿಟ್ಟು

ವಿದ್ಯಾರ್ಥಿಗಳ ಡ್ರಾಯಿಂಗ್ ಕೈಗೆ ಬಂದರೆ ನಾನು ಮೊದಲು ನೋಡುವುದು ಬಾಲ್ಕನಿಯ ಸೆಕ್ಷನ್, ಅಂದರೆ ಅಡ್ಡ ಕತ್ತರಿಸಿದಂತೆ ಬರೆದ ಚಿತ್ರ. ಕಾಂಕ್ರೀಟಿನೊಳಗೆ ಹಾಕುವ ಮುಖ್ಯ ಉಕ್ಕಿನ ಕಂಬಿ ಕೆಳಗೇ ಇರುತ್ತದೆ. ಯಾಕಪ್ಪಾ ಎಂದರೆ "ಸ್ಲ್ಯಾಬ್‌ಗೆ ಕಂಬಿ ಕೆಳಗೇ ಅಲ್ವಾ ಸರ್" ಎನ್ನುತ್ತಾರೆ. ಅಲ್ಲ ಕಣ್ರೋ!

ಒತ್ತಿದರೆ ಕಾಂಕ್ರೀಟ್ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತದಲ್ಲಿ ಅದರ ಶಕ್ತಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಎಳೆತ ಎಲ್ಲಿದೆಯೋ ಕಂಬಿ ಅಲ್ಲಿ. ಎರಡೂ ಕಡೆ ಆಸರೆ ಇರುವ ಸ್ಲ್ಯಾಬ್ ನಡುವೆ ತಗ್ಗುತ್ತದೆ, ಅದರ ತಳ ಹಿಗ್ಗುತ್ತದೆ. ಬಾಲ್ಕನಿಗೆ ಆಸರೆ ಒಂದೇ ಕಡೆ, ತುದಿ ಕೆಳಗೆ ಬಾಗುತ್ತದೆ, ಹಿಗ್ಗುವುದು ಮೇಲ್ಭಾಗ. ನಂಬಿಕೆ ಬರದಿದ್ದರೆ ಉದ್ದನೆಯ ರಬ್ಬರ್ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದು, ಒಂದು ತುದಿ ಹಿಡಿದು ಇನ್ನೊಂದನ್ನು ಕೆಳಕ್ಕೆ ಒತ್ತಿ, ಮೇಲಿನ ಗೆರೆಗಳು ದೂರ ಸರಿಯುವುದು ಕಾಣುತ್ತದೆ. ಕಂಬಿ ಬರೆಯುವ ಮೊದಲು ಬಾಗಿದ ಆಕಾರ ಬರೆಯಿರಿ, ಇಷ್ಟೇ ನಾನು ಕೇಳುವುದು. ಆ ಕಂಬಿ ಒಳಗಿನ ಸ್ಲ್ಯಾಬಿಗೂ ಸಾಕಷ್ಟು ದೂರ ಹೋಗಬೇಕು, ಗೋಡೆ ಹತ್ತಿರ ನಿಲ್ಲಿಸುವಂತಿಲ್ಲ.

ಬಾಲ್ಕನಿ ಹೊರಗೆ ಚಾಚಿದ್ದು ಸ್ವಲ್ಪವೇ ಅಂತ ಸದರವೂ ಬೇಡ. ಒಂದೇ ಸಮ ಭಾರವಿದ್ದರೆ 1.5 ಮೀಟರ್ ಬಾಲ್ಕನಿಯ ಬುಡದಲ್ಲಿ ಬರುವ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಬಲದ ಅಳತೆ), ಎರಡು ಗೋಡೆ ಮೇಲೆ ಕೂತ 3 ಮೀಟರ್ ಸ್ಲ್ಯಾಬಿನ ನಡುವೆ ಬರುವಷ್ಟೇ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಕಟ್ಟಿದ ಫಾಲಿಂಗ್‌ವಾಟರ್ ಮನೆಯ, ಬಾಲ್ಕನಿಯಂತೆಯೇ ಹೊರಚಾಚಿದ ಟೆರೇಸ್ ಸುಮಾರು 7 ಇಂಚು ತಗ್ಗಿ, 2002ರಲ್ಲಿ ಕೇಬಲ್ ಹಾಕಿ ಬಿಗಿಯಬೇಕಾಯಿತು. ಅಲ್ಲಿ ಕಂಬಿ ಇದ್ದ ಜಾಗ ಸರಿಯೇ, ಸಾಲದಾಗಿತ್ತು.

ಡ್ರಾಯಿಂಗ್ ಸರಿ ಇದ್ದರೂ ಸೈಟಿನಲ್ಲಿ ಕಥೆ ಬೇರೆ. ಒಂದು ಕಡೆ ಕಾಂಕ್ರೀಟ್ ಸುರಿಯುವವರು ಮೇಲಿನ ಕಂಬಿ ಮೇಲೇ ಓಡಾಡುತ್ತಿದ್ದರು. ಮೇಸ್ತ್ರಿಯನ್ನು ಕೇಳಿದರೆ "ಆಮೇಲೆ ಎತ್ತುತ್ತೇವೆ ಸಾರ್" ಎಂದ. ಒಳ್ಳೆ ಮನುಷ್ಯ, ಆದರೆ ಕಾಂಕ್ರೀಟಿನೊಳಗಿಂದ ಹೇಗೆ ಎತ್ತುತ್ತಾನೆ? ತಳದಿಂದ 100 ಮಿ.ಮೀ. ಮೇಲಿರಬೇಕಾದ ಕಂಬಿ ತುಳಿತಕ್ಕೆ 60ಕ್ಕೆ ಇಳಿದರೆ ಕಮ್ಮಿ ಅಂದರೂ 40% ಶಕ್ತಿ ಹೋಯಿತು. ಕಂಬಿ ಕೆಳಗೆ ಚೇರ್ (ಅದನ್ನು ಎತ್ತಿ ಹಿಡಿಯುವ, ಬಾಗಿಸಿದ ಕಂಬಿಯ ಕಾಲು) ಇಡಿಸಿ, ಓಡಾಡಲು ಹಲಗೆ ಹಾಕಿಸಿ.

ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಸೆಂಟ್ರಿಂಗ್ ಬಿಚ್ಚುವುದೂ ತುದಿಯಿಂದ ಗೋಡೆ ಕಡೆಗೆ. ಗೋಡೆ ಕಡೆಯ ಪ್ರಾಪ್ (ಆಸರೆಯ ಕಂಬ) ಮೊದಲು ತೆಗೆದರೆ ಸ್ಲ್ಯಾಬ್ ಗೋಡೆ ಮತ್ತು ತುದಿಯ ಪ್ರಾಪ್ ನಡುವೆ ತೂಗಿ, ಎಳೆತ ತಳಕ್ಕೆ ಹೋಗುತ್ತದೆ, ಅಲ್ಲಿ ಮುಖ್ಯ ಕಂಬಿಯೇ ಇಲ್ಲ. ಎಷ್ಟು ದಿನಕ್ಕೆ ಬಿಚ್ಚಬಹುದು ಅಂತ ಮಾತ್ರ ನನ್ನನ್ನು ಕೇಳಬೇಡಿ. ಸಿಮೆಂಟು, ಹವೆ, ಮೇಲಿನ ಭಾರ ನೋಡಿ ಆ ಕಟ್ಟಡದ ಇಂಜಿನಿಯರ್ ಬರೆದುಕೊಡಬೇಕು.